ಉಳಿದ ಉಣ್ಣೆ ದಾರದಲ್ಲಿ ಎರಡೆಳೆ ಚಿತ್ರದ ಸ್ಕಾರ್ಫ್: ಯಾವ ಉಂಡೆ ಸೇರಿಸಲಿ, ಯಾವುದು ಬಿಡಲಿ?

ಬಣ್ಣದುಂಡೆ:
ಎಲ್ಲರಿಗೂ ನಮಸ್ಕಾರ. ಒಂದು ಚೀಲ ತುಂಬ ಉಳಿದ ದಾರ ಇದೆ. ಅರ್ಧ ಉಂಡೆ, ಕಾಲು ಉಂಡೆ, ಕೆಲವಂತೂ ಎರಡು ಬೆರಳಿಗೆ ಸುತ್ತಿಡುವಷ್ಟೇ. ಬಿಸಾಡೋಕೆ ಮನಸ್ಸಿಲ್ಲ. ಒಂದೇ ಬಣ್ಣದಲ್ಲಿ ಏನೂ ಮುಗಿಯೋದಿಲ್ಲ, ಹಾಗಾಗಿ ಎಲ್ಲ ಸೇರಿಸಿ ಒಂದು ಉದ್ದದ ಸ್ಕಾರ್ಫ್ ಹೆಣೆಯೋಣ ಅಂತಿದ್ದೇನೆ. ಪಟ್ಟೆ ಬೇಡ, ಪಟ್ಟೆ ಸಾಕಾಗಿದೆ. ಒಂದೇ ಸಾಲಿನಲ್ಲಿ ಎರಡು ಬಣ್ಣ ಹಿಡಿದು ಹೂವು, ನಕ್ಷತ್ರ, ಚೌಕ ಬರ್ತಾವಲ್ಲ, ಆ ಸ್ಟ್ರ್ಯಾಂಡೆಡ್ ಹೆಣಿಗೆ ಬೇಕು. ಸೀದಾ, ಉಲ್ಟಾ, ಸುತ್ತು ಹೆಣಿಗೆ ಎಲ್ಲ ಬರುತ್ತೆ. ಎರಡೆಳೆ ಮಾತ್ರ ಟೋಪಿಯ ಅಂಚಿಗಷ್ಟೇ ಮಾಡಿದ್ದು. ದಪ್ಪ ಬೇರೆ ಬೇರೆ ಇರೋ ದಾರ ಸೇರಿಸಬಹುದಾ? ಚಪ್ಪಟೆಯಾಗಿ ಹೆಣೆಯಲಾ, ಸುತ್ತಾಗಿಯಾ? ಇಷ್ಟೊಂದು ದಾರದ ತುದಿಗಳನ್ನ ಏನು ಮಾಡೋದು?

ಉಲ್ಟಾಸೀದಾ:
ಮೊದಲು ದಪ್ಪ. ಬಣ್ಣ ಆಮೇಲೆ. ಚೀಲ ಸುರಿದ ತಕ್ಷಣ ಚಂದದ ಬಣ್ಣಗಳನ್ನೆಲ್ಲ ಜೋಡಿಸೋಕೆ ಕೂತರೆ ದಪ್ಪ ನೋಡೋದು ಮರೆತೇ ಹೋಗುತ್ತೆ. ಲೇಬಲ್ ಇಲ್ಲದಿದ್ದರೆ ಹೀಗೆ ಮಾಡಿ. ಎರಡು ದಾರಗಳನ್ನ ಒಂದರೊಳಗೊಂದು ಕೊಂಡಿ ಹಾಕಿ, ಎರಡೂ ಕಡೆ ಜೋಡಿ ಎಳೆಯನ್ನ ಹಿಡಿದು ಹುರಿ ಮಾಡಿ. ಈಗ ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ. ಕೊಂಡಿ ದಾಟುವಾಗ ಮೆಟ್ಟಿಲು ಹತ್ತಿದ ಹಾಗೆ ತಿಳಿದರೆ ದಪ್ಪ ಬೇರೆ. ಏನೂ ತಿಳಿಯದಿದ್ದರೆ ಧೈರ್ಯವಾಗಿ ಸೇರಿಸಿ. ಅಳತೆಪಟ್ಟಿಗೆ ಒಂದು ಇಂಚು ಸುತ್ತಿ ಎಷ್ಟು ಸುತ್ತು ಹಿಡೀತು ಅಂತ ಎಣಿಸುವ ಕ್ರಮವೂ ಇದೆ. ಆದರೆ ಬಿಗಿಯಾಗಿ ಎಳೆದರೆ ಒಂದು ಲೆಕ್ಕ, ಸಡಿಲ ಬಿಟ್ಟರೆ ಇನ್ನೊಂದು. ನನಗೆ ಬೆರಳೇ ವಾಸಿ.

ಸ್ವಲ್ಪ ವ್ಯತ್ಯಾಸ ಇದ್ದರೆ ತಲೆ ಕೆಡಿಸ್ಕೋಬೇಡಿ. ತುಂಬ ತೆಳು ಇರೋ ಲೇಸ್ ದಾರವನ್ನ ಎರಡೆಳೆ ಒಟ್ಟಿಗೆ ಹಿಡಿದರೆ ಫಿಂಗರಿಂಗ್ ದಪ್ಪಕ್ಕೆ, ಅಂದ್ರೆ ಕಾಲುಚೀಲ ಹೆಣೆಯೋ ತೆಳು ದಾರದ ದಪ್ಪಕ್ಕೆ, ಹತ್ತಿರ ಬರುತ್ತೆ. ತೀರಾ ದಪ್ಪದ್ದನ್ನ ಮಾತ್ರ ತೆಗೆದಿಡಿ. ಅದು ಪಕ್ಕದ ಸ್ಟಿಚ್‌ಗಳನ್ನ ಅಮುಕಿ, ಚಿತ್ರವನ್ನೇ ಸೊಟ್ಟ ಮಾಡುತ್ತೆ.

ನೂಲೇಣಿ:
ದಪ್ಪದ ಜೊತೆಗೆ ಯಾವ ನೂಲು ಅನ್ನೋದೂ ನೋಡಿ. ಉಣ್ಣೆ, ಅಕ್ರಿಲಿಕ್ ಎರಡೂ ಒಂದೇ ಚೀಲದಲ್ಲಿ ಇದ್ದೇ ಇರುತ್ತೆ. ಗೊತ್ತಾಗದಿದ್ದರೆ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಕೆಳಗೆ ಲೋಹದ ತಟ್ಟೆ ಇಟ್ಟು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತೆ. ಬಿಸಿ ಇರುವಾಗ ಮುಟ್ಟಬೇಡಿ, ಅಂಟಿಕೊಂಡು ಸುಡುತ್ತೆ. ಹತ್ತಿ ದಾರ ಕಾಗದ ಸುಟ್ಟ ವಾಸನೆ ಕೊಡುತ್ತೆ.

ಯಾಕೆ ಹೇಳ್ತಿದ್ದೇನೆ ಅಂದ್ರೆ, ಬಿಸಿ ನೀರು, ಉಜ್ಜಾಟ ಬಿದ್ದರೆ ಸಾದಾ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತೆ, ಅಕ್ರಿಲಿಕ್ ಹಾಗೇ ಇರುತ್ತೆ. ಒಂದೇ ಸಾಲಿನಲ್ಲಿ ಎರಡೂ ಇದ್ದರೆ ಸ್ಕಾರ್ಫ್ ಉಬ್ಬಿ ತಗ್ಗುತ್ತೆ. ತಣ್ಣೀರಲ್ಲಿ ಕೈಯಲ್ಲೇ ಒಗೀತೀನಿ ಅನ್ನೋರು ಸೇರಿಸಬಹುದು. ಬೇರೆಯವರಿಗೆ ಕೊಡೋದಾದರೆ ಬೇಡವೇ ಬೇಡ, ಅವರು ಮಷಿನ್‌ಗೆ ಹಾಕೇ ಹಾಕ್ತಾರೆ.

ಮತ್ತೆ ಹಳೇ ಉಂಡೆಗಳಲ್ಲಿ ನುಸಿ ತಿಂದ ಎಳೆ ಇದೆಯಾ ನೋಡಿ. ಉಂಡೆಯನ್ನ ಬಿಚ್ಚಿ ಸುತ್ತುವಾಗ ಅಲ್ಲಲ್ಲಿ ತುಂಡಾಗಿ ಬಂದರೆ ಅದು ನುಸಿ ಕೆಲಸ.

ಸುತ್ತುಹೆಣಿಗೆ:
ಚಪ್ಪಟೆಯಾ, ಸುತ್ತಾ ಅನ್ನೋದಕ್ಕೆ ನನ್ನ ಉತ್ತರ ಸುತ್ತು, ಸುತ್ತು, ಸುತ್ತು. ಉದ್ದದ ಕೊಳವೆ ಹೆಣೆಯಿರಿ. ಎರಡೂ ಮುಖ ಒಳ್ಳೇ ಮುಖವೇ, ಹಿಂದಿನ ಎಳೆಗಳೆಲ್ಲ (ಹೆಣೆಯದ ಬಣ್ಣ ಹಿಂಬದಿಯಲ್ಲಿ ಅಡ್ಡ ಹೋಗುತ್ತಲ್ಲ, ಅದು) ಹೊಟ್ಟೆಯೊಳಗೆ, ಅಂಚು ಸುರುಳಿ ಸುತ್ತೋದಿಲ್ಲ, ಉಲ್ಟಾ ಸಾಲು ಇಲ್ಲವೇ ಇಲ್ಲ. ನಕ್ಷೆಯನ್ನೂ ಪ್ರತಿ ಸುತ್ತಲ್ಲೂ ಬಲದಿಂದ ಎಡಕ್ಕೆ, ಕೆಳಗಿಂದ ಮೇಲಕ್ಕೆ ಒಂದೇ ರೀತಿ ಓದಿದರಾಯ್ತು. ನಿಮ್ಮ ಕೊನೇ ಪ್ರಶ್ನೆಗೂ ಇದೇ ಉತ್ತರ. ದಾರದ ತುದಿ ಒಳಗಡೆ ಗಂಟು ಹಾಕಿ ಬಿಟ್ಟುಬಿಡಿ. ಯಾರು ನೋಡ್ತಾರೆ?

ಉಲ್ಟಾಸೀದಾ:
ಕೊಳವೆ ಚೆನ್ನಾಗಿರುತ್ತೆ, ಒಪ್ಪಿದೆ. ಆದರೆ ಅದು ನಾಲ್ಕು ಪದರದ ಸ್ಕಾರ್ಫ್ ಅನ್ನೋದನ್ನ ಯಾರೂ ಹೇಳೋದಿಲ್ಲ! ಎರಡು ಪದರ ಬಟ್ಟೆ, ಎರಡು ಪದರ ಹಿಂದಿನ ಎಳೆ. ದಪ್ಪ ದಾರದಲ್ಲಿ ಮಾಡಿದರೆ ಕುತ್ತಿಗೆಗೆ ಸುತ್ತೋಕೇ ಆಗೋದಿಲ್ಲ, ಬೆಂಡಿನ ಹಾಗೆ ನಿಂತ್ಕೊಳ್ಳುತ್ತೆ. ಫಿಂಗರಿಂಗ್ ದಪ್ಪ ಇದ್ದರೆ ಮಾತ್ರ ಕೊಳವೆ. ಅದಕ್ಕಿಂತ ದಪ್ಪ ಇದ್ದರೆ ಮೊಸಾಯಿಕ್ ಹೆಣಿಗೆ ನೋಡಿ. ಅದರಲ್ಲಿ ಒಂದು ಸಲಕ್ಕೆ ಒಂದೇ ಬಣ್ಣ ಹೆಣೆಯೋದು, ಇನ್ನೊಂದು ಬಣ್ಣದ ಸ್ಟಿಚ್‌ಗಳನ್ನ ಹೆಣೆಯದೆ ಹಾಗೇ ಜಾರಿಸೋದು. ಗಾರ್ಟರ್‌ನಲ್ಲಿ, ಅಂದ್ರೆ ಎಲ್ಲ ಸಾಲೂ ಸೀದಾ ಹೆಣೆದು ಮಾಡಿದರೆ ಚಪ್ಪಟೆಯಾಗಿ ಕೂರುತ್ತೆ, ಹಿಂಬದಿಯೂ ಅಸಹ್ಯ ಅನ್ನಿಸೋದಿಲ್ಲ.

ಸುತ್ತುಹೆಣಿಗೆ:
ಮೊಸಾಯಿಕ್ ಚೆಂದವೇ. ಆದರೆ ಅವರು ಕೇಳಿದ್ದು ಅದಲ್ಲವಲ್ಲ. ಸೀದಾ ಹೆಣಿಗೆಯ ನಯ, ಆ ಸಣ್ಣ ಸಣ್ಣ V ಆಕಾರದಲ್ಲಿ ಬಣ್ಣ ಸೇರೋದು ಅದರಲ್ಲಿ ಬರೋದಿಲ್ಲ.

ಕಡ್ಡಿಪುಟ್ಟ:
ಮೂರನೇ ದಾರಿ ಒಂದಿದೆ, ಕತ್ತರಿ ಕಂಡರೆ ಹೆದರದವರಿಗೆ. ಸ್ಕಾರ್ಫಿನ ಉದ್ದಕ್ಕೇ ಸ್ಟಿಚ್ ಹಾಕಿ, ಉದ್ದ ಕೇಬಲ್ಲಿನ ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತಾಗಿ ಹೆಣೆಯೋದು. ಸುತ್ತು ಶುರುವಾಗುವ ಜಾಗದಲ್ಲಿ ಕೆಲವು ಸ್ಟಿಚ್ ಹೆಚ್ಚಿಗೆ ಇಟ್ಟಿರಬೇಕು, ಬಣ್ಣ ಬದಲಿಸೋದೆಲ್ಲ ಅಲ್ಲೇ. ಮುಗಿದ ಮೇಲೆ ಆ ಪಟ್ಟಿಯನ್ನ ಮೇಲಿಂದ ಕೆಳಗೆ ಕತ್ತರಿಸಿದರೆ ಕೊಳವೆ ಬಿಚ್ಚಿ ಸ್ಕಾರ್ಫ್ ಆಗುತ್ತೆ, ಕತ್ತರಿಸಿದ ಎಳೆಗಳೇ ಕುಚ್ಚು. ತುದಿ ಸೇರಿಸೋ ಕೆಲಸವೇ ಇಲ್ಲ! ಸಾದಾ ಉಣ್ಣೆಯ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸುಲಭಕ್ಕೆ ಬಿಚ್ಚೋದಿಲ್ಲ. ಸೂಪರ್‌ವಾಶ್ (ಮಷಿನ್‌ಗೆ ಹಾಕಿದರೂ ಕುಗ್ಗದ ಹಾಗೆ ಮಾಡಿದ ಉಣ್ಣೆ) ಅಥವಾ ಅಕ್ರಿಲಿಕ್ ಆದರೆ ಕತ್ತರಿಸೋ ಮೊದಲು ಪಕ್ಕದಲ್ಲಿ ಎರಡು ಸಾಲು ಹೊಲಿಗೆ ಓಡಿಸಿ. ಹಿಂಬದಿ ಎಳೆ ಕಾಣುತ್ತೆ ಅನ್ನೋದೊಂದೇ ಕೊರತೆ, ಬೇಕಾದರೆ ಬಟ್ಟೆ ಅಸ್ತರಿ ಕೊಡಿ.

ಬಣ್ಣದುಂಡೆ:
ಕತ್ತರಿ ಓದಿಯೇ ಕೈ ನಡುಗಿತು, ಅದು ಬೇರೆ ಯಾವಾಗಲಾದರೂ. ಕೊಳವೆಯೇ ಮಾಡ್ತೀನಿ. ವಿಂಗಡಿಸಿದ ಮೇಲೆ ಬಹುತೇಕ ಫಿಂಗರಿಂಗ್ ಉಣ್ಣೆಯೇ ಸಿಕ್ಕಿತು, ಒಟ್ಟು 300 ಗ್ರಾಂ ಹತ್ತಿರ ಇದೆ. ಸಾಕಾಗುತ್ತಾ? ಬಣ್ಣಗಳು ಮಾತ್ರ ಸಂತೆ: ಮೆರೂನ್, ಕಡು ಹಸಿರು, ಸಾಸಿವೆ ಹಳದಿ, ಆಕಾಶ ನೀಲಿ, ಬೂದು, ಕೆನೆ ಬಿಳಿ, ನೇರಳೆ, ಒಂದಿಷ್ಟು ಕಿತ್ತಳೆ. ಮೆರೂನ್ ಮೇಲೆ ಕಡು ಹಸಿರು ಎದ್ದು ಕಾಣಬಹುದು ಅಲ್ವಾ?

ನೂಲೇಣಿ:
ಕಾಣೋದಿಲ್ಲ! ಇಲ್ಲೇ ಎಲ್ಲರೂ ಮೋಸ ಹೋಗೋದು. ಕೆಂಪು, ಹಸಿರು ಬೇರೆ ಬೇರೆ ಬಣ್ಣ ಹೌದು. ಆದರೆ ಎರಡೂ ಒಂದೇ ಮಟ್ಟದ ಕಡು ಇದ್ದರೆ ಸಣ್ಣ ಸಣ್ಣ ಸ್ಟಿಚ್‌ಗಳಲ್ಲಿ ಬೆರೆತು ಒಟ್ಟಾರೆ ಮಣ್ಣು ಬಣ್ಣ ಆಗುತ್ತೆ. ಎರಡು ಉಂಡೆ ಅಕ್ಕಪಕ್ಕ ಇಟ್ಟಾಗ ಚೆಂದ ಕಾಣೋದು ದೊಡ್ಡ ಗುಡ್ಡೆಯಾಗಿ ಕಾಣೋದರಿಂದ. ಒಂದೊಂದೇ ಸ್ಟಿಚ್ ಆಗಿ ಬಿದ್ದಾಗ ಕಣ್ಣು ಮೊದಲು ಹಿಡಿಯೋದು ತಿಳಿ, ಕಡು. ಬಣ್ಣದ ಹೆಸರು ಆಮೇಲಿನ ಮಾತು.

ಮಾಡಬೇಕಾದದ್ದು ಇಷ್ಟೇ. ಹಗಲು ಬೆಳಕಲ್ಲಿ ಎಲ್ಲ ಉಂಡೆ ಸಾಲಾಗಿಡಿ, ಮೊಬೈಲಲ್ಲಿ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ. ಯಾವೆರಡು ಒಂದೇ ಬೂದು ಆಗಿ ಕಂಡವೋ ಅವು ಒಂದೇ ಸಾಲಿನಲ್ಲಿ ಬರಬಾರದು. ಅಷ್ಟು ಪಾಲಿಸಿದರೆ ಉಳಿದ ಎಲ್ಲ ನಿಯಮ ಮರೆತರೂ ನಡೆಯುತ್ತೆ.

ಬಣ್ಣದುಂಡೆ:
ಅಯ್ಯೋ, ಮಾಡಿ ನೋಡಿದೆ. ಮೆರೂನ್, ಕಡು ಹಸಿರು, ನೇರಳೆ ಮೂರೂ ಒಂದೇ! ಸಾಸಿವೆ, ಆಕಾಶ ನೀಲಿಯೂ ಅವಳಿ ಜವಳಿ. ಕೆನೆ ಬಿಳಿ ಒಂದೇ ಬೇರೆಯಾಗಿ ಹೊಳೀತಿದೆ. ಬೂದು, ಕಿತ್ತಳೆ ನಡುವೆ ಎಲ್ಲೋ ತೇಲ್ತಿವೆ.

ನೂಲೇಣಿ:
ಸರಿಯಾಗೇ ಸಿಕ್ಕಿದೆ. ಎರಡು ಗುಂಪು ಮಾಡಿ. ಕಡು ಮೂರೂ ಹಿನ್ನೆಲೆ, ತಿಳಿ ಮೂರೂ ಚಿತ್ರ. ಸ್ಕಾರ್ಫಿನ ಆ ತುದಿಯಿಂದ ಈ ತುದಿವರೆಗೆ ಈ ಪಾತ್ರ ಅದಲು ಬದಲು ಮಾಡಬೇಡಿ. ಹಿನ್ನೆಲೆ ಮೆರೂನಿನಿಂದ ಹಸಿರಿಗೆ ಹೋಗಲಿ, ಅಲ್ಲಿಂದ ನೇರಳೆಗೆ ಹೋಗಲಿ, ಯಾವ ಸುತ್ತಲ್ಲಿ ಬದಲಾಯಿಸಿದರೂ ನಡೆಯುತ್ತೆ, ಚಿತ್ರ ಒಡೆಯೋದಿಲ್ಲ. ಉಳಿಕೆ ದಾರದಲ್ಲಿ ಇದೇ ದೊಡ್ಡ ಲಾಭ: ಒಂದು ಕಡು ಬಣ್ಣ ಅರ್ಧದಲ್ಲಿ ಮುಗಿದರೆ ಇನ್ನೊಂದು ಕಡು ಬಣ್ಣ ಎತ್ತಿಕೊಂಡರಾಯ್ತು. ಮೊದಲೇ ಯೋಜನೆ ಹಾಕಿದ್ದರೇನೋ ಅನ್ನೋ ಥರ ಕಾಣುತ್ತೆ.

ನಡುವೆ ತೇಲೋ ಬೂದು, ಕಿತ್ತಳೆಯನ್ನ ಪಕ್ಕಕ್ಕಿಡಿ. ಪಟ್ಟಿ ಪಟ್ಟಿಯ ನಡುವಿನ ಒಂದೊಂದು ಸಾದಾ ಸುತ್ತಿಗೆ ಬಳಸಿ. ಅಥವಾ ಹೂವಿನ ನಡುವಿನ ಒಂದು ಸ್ಟಿಚ್ಚಿಗೆ, ಹೆಣೆದು ಮುಗಿಸಿದ ಮೇಲೆ ಸೂಜಿಯಲ್ಲಿ ಆ ಸ್ಟಿಚ್ಚಿನ ಜಾಡಲ್ಲೇ ಮೇಲಿಂದ ದಾರ ಓಡಿಸಿ.

ಕಡ್ಡಿಪುಟ್ಟ:
ಇದಕ್ಕೊಂದು ಹಳೇ ಕ್ರಮವೇ ಇದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳ ನಡುವೆ ಫೇರ್ ಐಲ್ ಅಂತ ಪುಟ್ಟ ದ್ವೀಪ. ಈ ಹೆಣಿಗೆಯನ್ನ ಜನ ಫೇರ್ ಐಲ್ ಅನ್ನೋದು ಅದರಿಂದಲೇ. ಅಲ್ಲಿನ ಸ್ವೆಟರ್ ನೋಡಿದರೆ ಹತ್ತಾರು ಬಣ್ಣ ಇದ್ದ ಹಾಗೆ ಕಾಣುತ್ತೆ, ಒಂದು ಸುತ್ತಲ್ಲಿ ಮಾತ್ರ ಎರಡೇ ಬಣ್ಣ. ಹಿನ್ನೆಲೆಯೂ ಬದಲಾಗ್ತಾ ಹೋಗುತ್ತೆ, ಚಿತ್ರದ ಬಣ್ಣವೂ ಬದಲಾಗ್ತಾ ಹೋಗುತ್ತೆ, ಪಟ್ಟಿಯ ನಡುಸಾಲು ಬಂದ ಮೇಲೆ ಅದೇ ಬಣ್ಣಗಳು ಹಿಂದುಮುಂದಾಗಿ ವಾಪಸ್. 1920ರ ದಶಕದಲ್ಲಿ ಆಗಿನ ವೇಲ್ಸ್ ರಾಜಕುಮಾರ, ಮುಂದೆ 8ನೇ ಎಡ್ವರ್ಡ್ ಆದವನು, ಗಾಲ್ಫ್ ಮೈದಾನಕ್ಕೆ ಇದನ್ನ ಹಾಕ್ಕೊಂಡು ಹೋದ ಮೇಲೆ ಫ್ಯಾಷನ್ ಆಯ್ತು. ನಾರ್ವೆಯ ಸೆಲ್ಬು ಕಡೆಯವರು ಇದಕ್ಕೆ ಪೂರ್ತಿ ಉಲ್ಟಾ: ಕಪ್ಪು ಬಿಳುಪು ಎರಡೇ, ಎಂಟು ದಳದ ನಕ್ಷತ್ರ. ನಿಮ್ಮ ಚೀಲಕ್ಕೆ ಶೆಟ್ಲೆಂಡ್ ದಾರಿಯೇ ಸರಿ.

ಬಣ್ಣದುಂಡೆ:
ಎಷ್ಟು ಸ್ಟಿಚ್ ಹಾಕಲಿ? ಯಾವ ಕಡ್ಡಿ?

ಸುತ್ತುಹೆಣಿಗೆ:
120 ಹಾಕಿ. ಕಣ್ಣು ಮುಚ್ಚಿ ಹೇಳೋ ಸಂಖ್ಯೆ ಅಲ್ಲ ಇದು. 4, 5, 6, 8, 10, 12, 15, 20, 24 ಎಲ್ಲದರಿಂದಲೂ ಭಾಗ ಹೋಗುತ್ತೆ, ಅಂದ್ರೆ ಇಷ್ಟು ಸ್ಟಿಚ್ಚಿನ ಯಾವ ಚಿತ್ರ ಸಿಕ್ಕಿದರೂ ಸುತ್ತಲ್ಲಿ ಅರೆಬರೆ ಆಗದೆ ಕೂರುತ್ತೆ. 10 ಸೆಂ.ಮೀ.ಗೆ 28 ಸ್ಟಿಚ್ ಬಂದರೆ ಸುತ್ತಳತೆ ಸುಮಾರು 43 ಸೆಂ.ಮೀ., ಮಡಿಸಿದಾಗ ಅಗಲ 21. ಸ್ಕಾರ್ಫಿಗೆ ಹದವಾದ ಅಗಲ. 40 ಸೆಂ.ಮೀ. ಸರ್ಕ್ಯುಲರ್ ಕಡ್ಡಿಯಲ್ಲಿ ಆರಾಮಾಗಿ ಓಡುತ್ತೆ.

ಮಡಿಕೆ ಚೊಕ್ಕವಾಗಿ ಬೀಳಬೇಕು ಅಂದ್ರೆ 122 ಹಾಕಿ, 60 ಚಿತ್ರಕ್ಕೆ, 1 ಉಲ್ಟಾ, ಮತ್ತೆ 60, ಮತ್ತೆ 1 ಉಲ್ಟಾ. ಆ ಉಲ್ಟಾ ಗೆರೆಯಲ್ಲೇ ಅದು ತಾನಾಗಿ ಮಡಚಿಕೊಳ್ಳುತ್ತೆ. ಆಗ 8, 24ರ ಚಿತ್ರಗಳು ಹೊಂದೋದಿಲ್ಲ ಅನ್ನೋದು ನೆನಪಿರಲಿ. ಸುತ್ತು ಶುರುವಾಗೋದು ಮಡಿಕೆಯಲ್ಲೇ ಇರಲಿ. ಸುತ್ತು ಹೆಣಿಗೆ ಒಳಗೊಳಗೇ ಸುರುಳಿ ಅಲ್ವಾ, ಬಣ್ಣ ಬದಲಾದಾಗ ಅಲ್ಲೊಂದು ಸಣ್ಣ ಮೆಟ್ಟಿಲು ಬಂದೇ ಬರುತ್ತೆ. ಮಡಿಕೆಯಲ್ಲಿ ಬಿದ್ದರೆ ಅದು ಯಾರ ಕಣ್ಣಿಗೂ ಬೀಳೋದಿಲ್ಲ.

ಕಡ್ಡಿ ವಿಷಯ: ಎರಡೆಳೆಯಲ್ಲಿ ಎಲ್ಲರ ಕೈಯೂ ಬಿಗಿಯಾಗುತ್ತೆ. ಸಾದಾ ಹೆಣಿಗೆಗೆ 3 ಮಿ.ಮೀ. ಬಳಸೋರಾದರೆ 3.25 ಅಥವಾ 3.5 ತಗೊಳ್ಳಿ. ಸ್ಯಾಂಪಲ್ ತುಂಡನ್ನೂ ಎರಡು ಬಣ್ಣದಲ್ಲೇ, ಬರೀ ಸೀದಾ ಸಾಲಿನಲ್ಲೇ ಹೆಣೆಯಿರಿ. ಸಾಲು ಮುಗಿದಾಗ ತಿರುಗಿಸಬೇಡಿ, ಸ್ಟಿಚ್‌ಗಳನ್ನ ಕಡ್ಡಿಯ ಆ ತುದಿಗೆ ಜಾರಿಸಿ, ಹಿಂದೆ ದಾರ ಉದ್ದಕ್ಕೆ ಸಡಿಲ ಬಿಟ್ಟು ಮತ್ತೆ ಬಲದಿಂದ ಶುರು. ಉಲ್ಟಾ ಸಾಲು ಸೇರಿಸಿ ಮಾಡಿದ ತುಂಡಿನ ಅಳತೆ ಕೊಳವೆಗೆ ಹೊಂದೋದಿಲ್ಲ.

ಉಲ್ಟಾಸೀದಾ:
ದಾರದ ಲೆಕ್ಕ ನಾನು ಹೇಳ್ತೀನಿ. 160 ಸೆಂ.ಮೀ. ಉದ್ದ, 10 ಸೆಂ.ಮೀ.ಗೆ 30 ಸುತ್ತು ಅಂದ್ರೆ 480 ಸುತ್ತು. ಒಂದು ಸುತ್ತಿಗೆ ಎರಡೂ ಬಣ್ಣ ಸೇರಿ 2 ಮೀಟರಿಗೆ ಸ್ವಲ್ಪ ಕಡಿಮೆ ಹಿಡಿಯುತ್ತೆ, ಹಿಂದಿನ ಎಳೆಯೂ ಸೇರಿ. ಒಟ್ಟು 900 ಮೀಟರ್ ಹತ್ತಿರ. 100 ಗ್ರಾಮಿಗೆ 400 ಮೀಟರ್ ಇರೋ ದಾರವಾದರೆ 225 ಗ್ರಾಂ. ನಿಮ್ಮ 300ರಲ್ಲಿ ಮುಗಿದು ಉಳಿಯುತ್ತೆ, ಕೈ ಸಡಿಲ ಇದ್ದರೂ.

ಸಣ್ಣ ಉಂಡೆ ಎಲ್ಲಿವರೆಗೆ ಬರುತ್ತೆ ಅನ್ನೋದಕ್ಕೆ ಅಡುಗೆಮನೆ ತಕ್ಕಡಿ ಸಾಕು. ಒಂದು ಚಿತ್ರದ ಪಟ್ಟಿಗೆ ಮುಂಚೆ ತೂಗಿ, ಆಮೇಲೆ ತೂಗಿ. ಅರ್ಧರ್ಧ ಸ್ಟಿಚ್ ಹಂಚಿಕೊಂಡ ಚಿತ್ರದಲ್ಲಿ 5 ಗ್ರಾಮಿನ ಚೂರು 20 ಸುತ್ತಿನವರೆಗೂ ಎಳೆಯುತ್ತೆ. ಆ ಕಿತ್ತಳೆಯನ್ನ ಕೀಳಾಗಿ ಕಾಣಬೇಡಿ.

ಆದರೆ ಕೊನೆಗೆ ಉಳಿದದ್ದನ್ನೆಲ್ಲ ಒಂದೇ ತುದಿಯಲ್ಲಿ ತುರುಕೋ ಹಾಗೆ ಆಗಬಾರದು. ಪ್ರತಿ ಬಣ್ಣವನ್ನೂ ತೂಕ ನೋಡಿ ಎರಡು ಭಾಗ ಮಾಡಿಟ್ಟು, ಒಂದು ಭಾಗ ಮುಂದಿನ ಅರ್ಧಕ್ಕೆ, ಇನ್ನೊಂದು ಹಿಂದಿನ ಅರ್ಧಕ್ಕೆ ಬಳಸಿದರೆ ಸ್ಕಾರ್ಫ್ ಎರಡೂ ಕಡೆ ಒಂದೇ ತೂಗುತ್ತೆ.

ಬಣ್ಣದುಂಡೆ:
ಶುರು ಮಾಡಿದೆ. ಮೆರೂನ್ ಹಿನ್ನೆಲೆ, ಕೆನೆ ಬಿಳಿ ಚಿತ್ರ. ಮೊದಲ ಕೆಲವು ಸುತ್ತಲ್ಲಿ ಬಿಳಿ ಚೆನ್ನಾಗಿ ಎದ್ದು ಬಂತು. ಆಮೇಲೆ ಅದೇ ಚಿತ್ರ, ಅದೇ ದಾರ, ಬಿಳಿ ಹೂತು ಹೋದ ಹಾಗೆ ಕಾಣ್ತಿದೆ. ಬಟ್ಟೆಯೂ ಸ್ವಲ್ಪ ಸುಕ್ಕು ಸುಕ್ಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಗಲವೂ ಕಡಿಮೆ ಆದ ಹಾಗಿದೆ.

ನೂಲೇಣಿ:
ನಡುವೆ ಎದ್ದು ಹೋಗಿ ಬಂದು ಮತ್ತೆ ಹಿಡಿದಾಗ ದಾರಗಳು ಕೈ ಬದಲಾಗಿವೆ. ಹಿಂಬದಿ ತಿರುಗಿಸಿ ನೋಡಿ. ಎರಡು ಎಳೆ ಅಡ್ಡ ಹೋಗ್ತಿರುತ್ತವಲ್ಲ, ಅದರಲ್ಲಿ ಒಂದು ಯಾವಾಗಲೂ ಕೆಳಗಿಂದ ಬರುತ್ತೆ, ಇನ್ನೊಂದು ಮೇಲಿಂದ. ಕೆಳಗಿಂದ ಬರೋದಕ್ಕೆ ದಾರಿ ಒಂದು ಕೂದಲೆಳೆ ಉದ್ದ, ಹಾಗಾಗಿ ಅದರ ಸ್ಟಿಚ್ ಸ್ವಲ್ಪ ದೊಡ್ಡದಾಗಿ ಮುಂದೆ ಉಬ್ಬುತ್ತೆ. ಚಿತ್ರದ ಬಣ್ಣ ಯಾವಾಗಲೂ ಕೆಳಗಿಂದಲೇ ಬರಬೇಕು. ಎರಡು ಕೈಯಲ್ಲಿ ಹಿಡಿಯೋರಾದರೆ ಎಡಗೈ ದಾರ ತಾನಾಗಿ ಕೆಳಗಿಂದ ಬರುತ್ತೆ. ಆದ್ದರಿಂದ ಚಿತ್ರ ಎಡಗೈಗೆ, ಹಿನ್ನೆಲೆ ಬಲಗೈಗೆ. ಉಂಡೆಗಳನ್ನೂ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಸಿಕ್ಕಾಗೋದಿಲ್ಲ, ಎದ್ದು ಬಂದರೂ ಯಾವುದು ಯಾವ ಕೈಗೆ ಅಂತ ಗೊಂದಲ ಇರೋದಿಲ್ಲ.

ಸುತ್ತುಹೆಣಿಗೆ:
ಸುಕ್ಕು ಬಂದದ್ದು ಹಿಂದಿನ ಎಳೆ ಗಿಡ್ಡ ಆಗಿದ್ದರಿಂದ. ಬಣ್ಣ ಬದಲಿಸೋ ಮೊದಲು ಬಲಗಡ್ಡಿಯ ಮೇಲೆ ಈಗಷ್ಟೇ ಹೆಣೆದ ಸ್ಟಿಚ್‌ಗಳನ್ನ ಬೆರಳಲ್ಲಿ ಅಗಲಕ್ಕೆ ಸರಿಸಿ, ಮುಗಿದ ಬಟ್ಟೆಯಲ್ಲಿ ಅವು ಎಷ್ಟು ಹರಡಿಕೊಂಡಿರುತ್ತವೋ ಅಷ್ಟು. ಆಮೇಲೆ ಹೊಸ ದಾರ ಎಳೀರಿ. ಕಡ್ಡಿಯ ಮೇಲೆ ಸ್ಟಿಚ್‌ಗಳು ಗುಂಪುಗೂಡಿರುವಾಗ ಎಳೆದರೆ ಆ ಗಿಡ್ಡ ಎಳೆ ಮುಂದೆ ಎಂದಿಗೂ ಉದ್ದ ಆಗೋದಿಲ್ಲ.

ಅಷ್ಟಾದರೂ ಕೈ ಮಾತು ಕೇಳ್ತಿಲ್ಲ ಅಂದ್ರೆ ಕೊಳವೆಯನ್ನ ಒಳಗು ಹೊರಗು ಮಾಡಿ. ಉಲ್ಟಾ ಮುಖ ಹೊರಗೆ, ಒಳ್ಳೇ ಮುಖ ಒಳಗೆ, ನಿಮ್ಮಿಂದ ದೂರದ ಅಂಚಿನಲ್ಲಿ ಹೆಣೀತಾ ಹೋಗೋದು. ಹೆಣೆಯೋದು ಸೀದಾ ಹೆಣಿಗೆಯೇ. ಹಿಂದಿನ ಎಳೆಗಳು ಹೊರಸುತ್ತಿನಲ್ಲಿ ಓಡೋದರಿಂದ ತಾವೇ ಉದ್ದ ಆಗ್ತವೆ.

ಕಡ್ಡಿಪುಟ್ಟ:
ಒಂದೇ ಬಣ್ಣ 5 ಸ್ಟಿಚ್‌ಗಿಂತ ಜಾಸ್ತಿ ಹೋದರೆ ಹಿಂದಿನ ಎಳೆಯನ್ನ ನಡುವೆ ಒಂದು ಸಲ ಸಿಕ್ಕಿಸಿಕೊಳ್ಳಿ ಅಂತಾರೆ. ಸ್ಕಾರ್ಫ್ ಕೊಳವೆಯಲ್ಲಿ ಬೆರಳು ತೂರೋದಿಲ್ಲ, ಅದಕ್ಕೆ ಅಂಟಿಕೊಳ್ಳೋ ಉಣ್ಣೆ ಆದರೆ 7ರವರೆಗೂ ನಾನು ಸುಮ್ನೆ ಬಿಡ್ತೀನಿ. ಸಿಕ್ಕಿಸಿದರೆ ಮೇಲಿನ ಸುತ್ತಲ್ಲಿ ಅದೇ ಜಾಗದ ನೇರಕ್ಕೆ ಮಾಡಬೇಡಿ, ಗೆರೆ ಬೀಳುತ್ತೆ. ಮೆರೂನ್ ಎಳೆಯನ್ನ ಬಿಳಿ ಸ್ಟಿಚ್ ಹಿಂದೆ ಸಿಕ್ಕಿಸಿದರೆ ಇಣುಕುತ್ತೆ, ಆದಷ್ಟು ಮೆರೂನ್ ಸ್ಟಿಚ್ ಹಿಂದೆ ಬಿಳಿಯನ್ನ ಸಿಕ್ಕಿಸಿ.

ಬಣ್ಣದುಂಡೆ:
ಬಿಚ್ಚಿ ಮತ್ತೆ ಹೆಣೆದೆ. ಬಿಳಿ ಎಡಗೈಗೆ ಬಂದ ತಕ್ಷಣ ಚಿತ್ರ ಎದ್ದು ನಿಂತಿತು! ಈಗ ಹಸಿರು ಹಿನ್ನೆಲೆಗೆ ಬಂದಿದ್ದೇನೆ. ತುದಿಗಳು ಒಳಗೆ ಗಡ್ಡದ ಹಾಗೆ ನೇತಾಡ್ತಿವೆ. ನಿಜವಾಗಲೂ ಗಂಟು ಹಾಕಿ ಬಿಡಬಹುದಾ?

ಸುತ್ತುಹೆಣಿಗೆ:
ಬಿಡಬಹುದು. ಗಂಟು ಬಿಗಿ ಇರಲಿ, ತುದಿ ಒಂದೆರಡು ಇಂಚು ಇರಲಿ, ತೀರಾ ಗಿಡ್ಡಕ್ಕೆ ಕತ್ತರಿಸಬೇಡಿ. ಸೂಪರ್‌ವಾಶ್ ಅಲ್ಲದ ಉಣ್ಣೆಗೆ ಗಂಟೂ ಬೇಡ. ಎರಡೂ ತುದಿಯ ಹುರಿ ಸ್ವಲ್ಪ ಬಿಚ್ಚಿ, ಒಂದರ ಮೇಲೊಂದು 5 ಸೆಂ.ಮೀ. ಇಟ್ಟು, ನೀರಲ್ಲಿ ಒದ್ದೆ ಮಾಡಿ ಅಂಗೈಗಳ ನಡುವೆ ಬಿಸಿ ಆಗೋವರೆಗೂ ಜೋರಾಗಿ ಉಜ್ಜಿ. ಒಂದೇ ದಾರ ಆಗಿಬಿಡುತ್ತೆ. ಸೂಪರ್‌ವಾಶ್‌ನಲ್ಲಿ ಎಷ್ಟು ಉಜ್ಜಿದರೂ ಕೈ ನೋವಷ್ಟೇ.

ನೂಲೇಣಿ:
ಜಾಸ್ತಿ ಮುಂದೆ ಹೋಗೋ ಮೊದಲು ಆ ಮೆರೂನ್ ಬಣ್ಣ ಬಿಡುತ್ತಾ ನೋಡಿಬಿಡಿ. ಪಕ್ಕದಲ್ಲಿ ಕೆನೆ ಬಿಳಿ ಇದೆ. ಒಂದು ಚೂರು ಮೆರೂನ್ ದಾರ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡಿ. ಬಟ್ಟೆಗೆ ಗುಲಾಬಿ ಹತ್ತಿದರೆ ಉಳಿದ ಮೆರೂನ್ ದಾರವನ್ನ ಲಡಿ ಮಾಡಿ, ಬಿಟ್ಟ ಬಣ್ಣ ಹೋಗೋವರೆಗೂ ನೀರು ಬದಲಿಸಿ ತೊಳೆದು ಒಣಗಿಸಿ ಆಮೇಲೆ ಹೆಣೆಯಿರಿ. ಕಡು ಕೆಂಪು, ಕಡು ನೀಲಿ ಎರಡರ ಮೇಲೂ ಸದಾ ಅನುಮಾನ ಇರಲಿ.

ಬಣ್ಣದುಂಡೆ:
ನೋಡಿದೆ, ಏನೂ ಹತ್ತಲಿಲ್ಲ. ನೇರಳೆ ಮಾತ್ರ ಸ್ವಲ್ಪ ಬಿಟ್ಟಿತು, ತೊಳೆದು ಒಣ ಹಾಕಿದ್ದೇನೆ. ಕೊನೇ ಪ್ರಶ್ನೆ, ಕೊಳವೆಯ ಬಾಯಿ ಮುಚ್ಚೋದು ಹೇಗೆ? ಶುರುವಿನ ಸ್ಟಿಚ್‌ಗಳನ್ನ ಕ್ರೋಶೆ ಸರಪಳಿಯ ಮೇಲೆ ಎತ್ತಿಕೊಂಡಿದ್ದೇನೆ, ಬಿಚ್ಚಿದರೆ ಜೀವಂತ ಸ್ಟಿಚ್, ಅಂದ್ರೆ ಮತ್ತೆ ಕಡ್ಡಿಗೆ ಹಾಕಬಹುದಾದ ತೆರೆದ ಸ್ಟಿಚ್ ಸಿಗುತ್ತೆ.

ಉಲ್ಟಾಸೀದಾ:
ಹಾಗಾದರೆ ಎರಡು ದಾರಿ ಇದೆ. ಪ್ರತಿ ತುದಿಯಲ್ಲೂ ಮುಂದಿನ 60, ಹಿಂದಿನ 60 ಎರಡು ಕಡ್ಡಿಗೆ ಹಂಚಿ, ಮೂರನೇ ಕಡ್ಡಿಯಲ್ಲಿ ಎರಡೂ ಒಟ್ಟಿಗೆ ಹೆಣೆದು ಮುಚ್ಚಿದರೆ ಗಟ್ಟಿ ಅಂಚು, ಅದಕ್ಕೆ ಕುಚ್ಚು ಕಟ್ಟಬಹುದು. ಇಲ್ಲದಿದ್ದರೆ ಸೂಜಿಯಲ್ಲಿ ಕಿಚನರ್ ಹೊಲಿಗೆ ಹಾಕಿ, ಜೋಡಿಸಿದ್ದೇ ಗೊತ್ತಾಗೋದಿಲ್ಲ. ಯಾವುದಾದರೂ ಸರಿ, ಕೊನೇ ಎರಡು ಮೂರು ಸುತ್ತು ಒಂದೇ ಬಣ್ಣದಲ್ಲಿ ಇರಲಿ. ಎರಡು ಬಣ್ಣದ ಸುತ್ತನ್ನ ಸೂಜಿಯಲ್ಲಿ ಜೋಡಿಸೋಕೆ ಕೂತರೆ ಸಹನೆ ಸಾಲೋದಿಲ್ಲ.

ಸುತ್ತುಹೆಣಿಗೆ:
ಮುಚ್ಚೋ ಮೊದಲೇ ಒಳಗು ಹೊರಗು ಮಾಡಿ ಸಡಿಲ ಗಂಟುಗಳನ್ನೆಲ್ಲ ಒಮ್ಮೆ ಎಳೆದು ನೋಡಿ. ಆಮೇಲೆ ಕೈ ಹೋಗೋದಿಲ್ಲ. ಮುಚ್ಚಿದ ಮೇಲೆ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಲ್ಲಿ ಸುತ್ತಿ ಒತ್ತಿ, ಮಡಿಕೆ ಸರಿ ಮಾಡಿ ಚಪ್ಪಟೆಯಾಗಿ ಹರಡಿ. ಸಣ್ಣ ಪುಟ್ಟ ಏರುಪೇರು ಒಣಗುವಷ್ಟರಲ್ಲಿ ಸರಿಹೋಗಿರುತ್ತೆ. ನಾಲ್ಕು ಪದರ ಇರೋದರಿಂದ ಒಣಗೋದು ನಿಧಾನ, ಆಗಾಗ ಮಗುಚಿ ಹಾಕಿ. ಬಿಸಿಲಿಗೆ ಬೇಡ.

ಬಣ್ಣದುಂಡೆ:
ಕಿಚನರ್ ಹಾಕ್ತೀನಿ, ಕುಚ್ಚು ಬೇಡ. ಕುಚ್ಚಿಗೆ ಹೋಗೋ ದಾರದಲ್ಲಿ ಇನ್ನೊಂದು ನಕ್ಷತ್ರದ ಪಟ್ಟಿ ಬರುತ್ತೆ.